ಕಣ್ಕಟ್ಟಿಗೂ ಒಂದು ಕೌಲು

ಬಳ್ಳಾರಿಯ ಕೌಲ್ ಬಜಾರ್ ಎಂಬ ಹೆಸರು ಕೇಳಿದರೆ ಹಳೆಯ ದಫ್ತರಗಳ ಪದವೊಂದು ನೆನಪಾಗುತ್ತದೆ. ಕೌಲು ಎಂದರೆ ಕರಾರು, ಮಾತು ಕೊಟ್ಟು ಮಾಡಿಕೊಂಡ ಒಪ್ಪಂದ. ಜಾದೂಗಾರನಿಗೂ ನೋಡುಗನಿಗೂ ನಡುವೆ ಇಂಥದೇ ಒಂದು ಬರೆಯದ ಕೌಲು ಇದೆ. ‘ಕಣ್ಣಿಗೆ ಮೋಸ ಮಾಡುತ್ತೇನೆ, ಆದರೆ ಹೇಳಿಯೇ ಮಾಡುತ್ತೇನೆ’ ಎಂಬುದು ಅದರ ತಿರುಳು.

ಪೇಟೆಯ ಚೌಕದಲ್ಲಿ ಆಡುವ ಗಾರುಡಿಗನನ್ನು ಜನ ಸುತ್ತುವರಿದು ಪರೀಕ್ಷಿಸುತ್ತಾರೆ. ಕಿರುತೆರೆಯಲ್ಲಿ ಹಾಗಲ್ಲ, ಅಲ್ಲಿ ಕ್ಯಾಮೆರಾ ತೋರಿಸಿದ್ದಷ್ಟೇ ಕಾಣುತ್ತದೆ. ಕೈಚಳಕ ಯಾವುದು, ಚಿತ್ರ ಕತ್ತರಿಸಿ ಜೋಡಿಸಿದ ಚಮತ್ಕಾರ ಯಾವುದು ಎಂದು ತಿಳಿಯುವ ಬಗೆ ಹೇಗೆ? ಈ ಸಂಶಯವನ್ನು ಮನಗಂಡ ಅಮೆರಿಕದ ಮಾರ್ಕ್ ವಿಲ್ಸನ್ 1960ರಲ್ಲಿ ಆರಂಭವಾದ ತಮ್ಮ ಟಿ.ವಿ. ಜಾದೂ ಸರಣಿಗೆ ಕಟ್ಟಳೆ ಹಾಕಿಕೊಂಡರು: ಎದುರಿಗೆ ಪ್ರೇಕ್ಷಕರಿರಬೇಕು, ಆಟದ ನಡುವೆ ಕ್ಯಾಮೆರಾ ಕಡಿಯಬಾರದು.

ಅದಕ್ಕೂ ಮೊದಲೇ ಭಾರತೀಯರೊಬ್ಬರು ಕಿರುತೆರೆಯ ಶಕ್ತಿಯನ್ನು ತೋರಿಸಿಕೊಟ್ಟಿದ್ದರು. 1956ರ ಏಪ್ರಿಲ್ 9ರಂದು ಬಿಬಿಸಿಯ ‘ಪನೋರಮ’ ನೇರಪ್ರಸಾರದಲ್ಲಿ ಬಂಗಾಳದ ಪಿ.ಸಿ. ಸರ್ಕಾರ್ ತಮ್ಮ ಸಹಾಯಕಿಯನ್ನು ಗರಗಸದಿಂದ ಎರಡು ತುಂಡು ಮಾಡುವ ಆಟವಾಡಿದರು. ಆಟ ಮುಗಿದರೂ ಆಕೆ ಅಲುಗಲಿಲ್ಲ. ಅಷ್ಟರಲ್ಲಿ ನಿರೂಪಕರು ಮುಂದೆ ಬಂದು ಕಾರ್ಯಕ್ರಮ ಮುಗಿಸಿಬಿಟ್ಟರು. ಹುಡುಗಿ ಸತ್ತಳೆಂದೇ ಬಗೆದ ವೀಕ್ಷಕರು ಸ್ಟುಡಿಯೊಕ್ಕೆ ಫೋನಿನ ಮೇಲೆ ಫೋನು ಮಾಡಿದರು. ಆಕೆ ಕ್ಷೇಮವಾಗಿದ್ದಳು, ಸರ್ಕಾರ್ ಅವರ ಲಂಡನ್ ಪ್ರದರ್ಶನಕ್ಕೆ ಟಿಕೆಟ್ ಸಿಗದಂತಾಯಿತು! ಈ ಆಟ ಲಂಡನ್ನಿಗೆ ಹೊಸದಲ್ಲ. ಪಿ.ಟಿ. ಸೆಲ್ಬಿಟ್ 1921ರಲ್ಲಿ ಅಲ್ಲಿಯೇ ಹೆಣ್ಣನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಕೊಯ್ದು ತೋರಿಸಿದ್ದರು. ಹೊಸದಾಗಿದ್ದುದು ಮನೆಯೊಳಗೇ ಬಂದ ಗಾಬರಿ.

1983ರಲ್ಲಿ ಡೇವಿಡ್ ಕಾಪರ್‌ಫೀಲ್ಡ್ ಟಿ.ವಿ.ಯಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೇ ಮಾಯ ಮಾಡಿದರು. ಪ್ರೇಕ್ಷಕರು ಕುಳಿತಿದ್ದ ವೇದಿಕೆಯೇ ಮೆಲ್ಲಗೆ ತಿರುಗಿತ್ತೆಂಬುದು ಪ್ರಚಲಿತ ವಿವರಣೆ. ಪ್ರತಿಮೆ ಅಲುಗಬೇಕಾಗಿರಲಿಲ್ಲ, ನೋಡುವ ದಿಕ್ಕು ಬದಲಾದರೆ ಸಾಕಿತ್ತು.

ಈ ತತ್ತ್ವ ನಮ್ಮವರಿಗೆ ಅಪರಿಚಿತವಲ್ಲ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಕತ್ತಿ ಗುರಾಣಿ ಹಿಡಿದು ಹಗ್ಗವೇರಿ ಆಕಾಶಕ್ಕೆ ಹೋಗುವ ಮಾಯಾವಿಯ ದೃಷ್ಟಾಂತ ಕೊಡುತ್ತಾರೆ. ಮೇಲೇರಿದಂತೆ ಕಾಣುವವನು ಬೇರೆ, ನೆಲದ ಮೇಲೆ ನಿಂತಿರುವ ನಿಜವಾದ ಇಂದ್ರಜಾಲಿಗ ಬೇರೆ.

ನೆಲದ ಮೇಲಿರುವವನನ್ನು ಮರೆತಾಗಲೇ ಅಪಾಯ. ಕರ್ನಾಟಕದಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ್ದು ಇದೇ ಕಾರಣಕ್ಕೆ. ಕೈಯಲ್ಲಿ ವಿಭೂತಿ ಬರಿಸುವುದು ವೇದಿಕೆಯ ಮೇಲಾದರೆ ಕಲೆ. ದೈವಶಕ್ತಿಯೆಂದು ಹೇಳಿ ಕಾಣಿಕೆ ಪಡೆದರೆ ವಂಚನೆ. ಆಟ ಒಂದೇ, ಕೌಲು ಮುರಿದಿರುತ್ತದೆ.

ಗುಟ್ಟು ಬಿಟ್ಟುಕೊಡದಿದ್ದರೂ ಇದು ಆಟವೆಂದು ಒಪ್ಪಿಕೊಳ್ಳುವುದರಲ್ಲಿಯೇ ಜಾದೂಗಾರನ ಪ್ರಾಮಾಣಿಕತೆ ಇದೆ.