ರಜೆಗೆ ಬಂದವನ ಮನಸ್ಸೂ ಮನೆಗೆ ಬರಲಿ

ನಮ್ಮ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹುಡುಗರು ಮಿಲಿಟರಿಯಿಂದ ರಜೆಗೆ ಬರುವಾಗ ವಾಡಿ ಜಂಕ್ಷನ್ನಿನಲ್ಲಿ ಇಳಿದು ಗಾಡಿ ಬದಲಿಸುವುದುಂಟು. ಚಿಂಚೋಳಿಯವರಿಗಂತೂ ಊರಿಗೆ ಬಸ್ಸೇ ಗತಿ. ಮನೆಯಲ್ಲಿ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿಯ ಸಡಗರ. ಆದರೆ ನಾಲ್ಕು ದಿನ ಕಳೆದರೂ ಅವನಿಗೆ ನಿದ್ದೆ ಹತ್ತುವುದಿಲ್ಲ, ಬಾಗಿಲು ಸಪ್ಪಳವಾದರೆ ಥಟ್ಟನೆ ಎದ್ದು ಕೂಡುತ್ತಾನೆ. ಕೇಳಿದರೆ, "ಏನಿಲ್ಲ ಬಿಡವ್ವಾ" ಅಂತಾನೆ.

"ಸಿಟ್ಟು ಭಾಳ ಆಗ್ಯಾದ" ಎಂದು ಬೇಸರಿಸುವ ಮೊದಲು, ಸೋದರಿಯರೇ, ಎಂಥ ಜಾಗದಿಂದ ಬಂದಿದ್ದಾನೆಂದು ಯೋಚಿಸೋಣ. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಆರು ದಿನಗಳ ಮೇಲೆ ಇವರೊಬ್ಬರೇ ಜೀವಂತ ಸಿಕ್ಕರು. 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ಅಂಥ ಕಡೆ ಕಾವಲಿದ್ದು ಬಂದವನ ಮೈಗೆ ಗಾಯವಿಲ್ಲದಿದ್ದರೂ ಮನಸ್ಸು ದಣಿದಿರುತ್ತದೆ.

ದಣಿವನ್ನು ತಡೆದುಕೊಳ್ಳುವ ರೀತಿ ಒಬ್ಬೊಬ್ಬರದು ಒಂದೊಂದು. ಕೆಲವರು ಆಟ ಆಡಿ, ಜೊತೆಗಾರನ ಹತ್ತಿರ ಮಾತಾಡಿ ಹಗುರಾಗುತ್ತಾರೆ. ಕೆಲವರು ನುಂಗಿಕೊಳ್ಳುತ್ತಾರೆ, ಇಲ್ಲವೇ ಕುಡಿತ ಹಚ್ಚಿಕೊಳ್ಳುತ್ತಾರೆ. ಬಾಯಿಬಿಟ್ಟರೆ "ಅಂಜುಬುರುಕ" ಎಂದಾರು, ಮೆಡಿಕಲ್ ಕೆಟಗರಿ ಇಳಿಸಿ ಬಡ್ತಿ ತಪ್ಪಿಸಿಯಾರು ಎಂಬ ಭಯವೂ ಉಂಟು. "ಏನಿಲ್ಲ" ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇರುತ್ತದೆ.

ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ಹೊಲದ ತಂಟೆ, ಸಾಲ, ಅತ್ತೆ-ಸೊಸೆ ಜಗಳ ಜವಾನರ ಮನಸ್ಸನ್ನು ಡ್ಯೂಟಿಯಷ್ಟೇ ಕೊರೆಯುತ್ತವೆ. "ಬಾಂದು ಒತ್ತ್ಯಾರ" ಎಂದು ರಾತ್ರಿ ಫೋನಿನಲ್ಲಿ ಅತ್ತು ಇಟ್ಟುಬಿಟ್ಟರೆ, ಅಷ್ಟು ದೂರ ಬಂದೂಕು ಹಿಡಿದು ನಿಂತವನು ಏನು ಮಾಡಿಯಾನು? ಹಾಗಂತ ಮುಚ್ಚಿಡುವುದೂ ಬೇಡ. ಊರವರಿಂದ ತಿಳಿದರೆ ಚಿಂತೆ ಇಮ್ಮಡಿ. ಸುದ್ದಿ ಹೇಳಿ, ಅದಕ್ಕೆ ನಾವೇನು ಮಾಡುತ್ತಿದ್ದೇವೆ ಎಂಬುದನ್ನೂ ಹೇಳಿ. ಸೈನಿಕ ಕಲ್ಯಾಣ ಇಲಾಖೆಗೆ ಅರ್ಜಿ ಕೊಡಬಹುದು. ಅವನೂ ತನ್ನ ಅಧಿಕಾರಿಯ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು.

ರಜೆಗೆ ಬಂದ ಮರುದಿನವೇ ತಹಸೀಲ್ದಾರ ಕಚೇರಿಗೆ ಅಲೆಸಬೇಡಿ. ಮೊದಲ ವಾರ ಉಂಡು ಮಲಗಲಿ. "ಎಷ್ಟು ಮಂದೀನ ಹೊಡದಿ?" ಎಂದು ಬಂಧುಗಳು ಕೇಳಿದರೆ ಮಾತು ತಿರುಗಿಸಿ. ತಾನಾಗಿ ಹೇಳತೊಡಗಿದರೆ ನಡುವೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಕುಡಿತ ಹೆಚ್ಚಿದರೆ ಡಾಕ್ಟರಿಗೆ ತೋರಿಸಿ. "ಬದುಕಿ ಏನು ಮಾಡೋದದ" ಎಂಬ ಮಾತು ಬಂದರೆ ಒಂದು ದಿನವೂ ತಡಮಾಡಬೇಡಿ, ಅವನನ್ನು ಒಬ್ಬನೇ ಬಿಡಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಯೋಧರು ಮತ್ತು ಅವರ ಮನೆಯವರಿಗೆಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವನ್ನು ತೆರೆದರು. ಅವನು ಒಲ್ಲೆನೆಂದರೆ ಮೊದಲು ನೀವೇ ಮಾತಾಡಿ ಕೇಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೆ ಆ ನಂಬರನ್ನು ಇವತ್ತೇ ಬರೆದಿಡಿ.