ಸಪ್ತಧಾತುಗಳೂ ಓಜಸ್ಸೂ

ಮಗ ಸೊರಗಿದ್ದಾನೆ, ಊಟ ಸೇರುವುದಿಲ್ಲ, ಯಾರೊಡನೆಯೂ ಮಾತಿಲ್ಲ. ತಾಯಿ ದೃಷ್ಟಿ ತೆಗೆಯುತ್ತಾಳೆ. ತಂದೆ ಪರೀಕ್ಷೆಯ ಭಯವಿರಬೇಕೆಂದು ಸುಮ್ಮನಾಗುತ್ತಾನೆ. ಹುಡುಗನ ಅಂಗಿಯ ಜೇಬಿನಲ್ಲಿರುವುದು ಬಸ್ ನಿಲ್ದಾಣದ ಹತ್ತಿರ ಯಾರೋ ಕೈಗಿತ್ತ ಒಂದು ಕರಪತ್ರ. ನೂರು ಹನಿ ರಕ್ತದಿಂದ ಒಂದು ಹನಿ ಧಾತು ಹುಟ್ಟುತ್ತದೆಂದೂ, ಅದು ಹೋದರೆ ಆಯುಸ್ಸೇ ಹೋದಂತೆಂದೂ ಅದರಲ್ಲಿ ಆಯುರ್ವೇದದ ಹೆಸರಿನಲ್ಲಿ ಅಚ್ಚಾಗಿದೆ. ಕೆಳಗೆ ಮದ್ದಿನ ಬೆಲೆ.

ಮನೆಮಂದಿಯೆಲ್ಲ ಕೂತು ಕೇಳುವ ಬಾನುಲಿಗೆ ಈ ವಿಷಯ ತಕ್ಕದ್ದೆ ಎಂದು ಕೆಲವರಿಗೆ ಅನ್ನಿಸಬಹುದು. ಮನೆಯಲ್ಲಿ ಯಾರೂ ಆಡದ ಮಾತನ್ನು ಹುಡುಗ ಕರಪತ್ರದಿಂದ ಕಲಿಯುತ್ತಾನೆ. ಆದ್ದರಿಂದ ಆಡುವುದೇ ಮೇಲು. ಚರಕ, ಸುಶ್ರುತ, ವಾಗ್ಭಟರು ನಿಜಕ್ಕೂ ಹೇಳಿರುವುದೇನು ಎಂಬುದನ್ನಷ್ಟು ನೋಡೋಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯವರಿಗೆ ಧಾತುವಿನ ವಿಚಾರ ತಿಳಿಸುವುದು ಸುಲಭ. ಇಲ್ಲಿ ಮನೆಮನೆಯಲ್ಲಿ ರೇಷ್ಮೆಯ ಪರಿಚಯವುಂಟು. ಹುಳು ತಿನ್ನುವುದು ಹಿಪ್ಪುನೇರಳೆಯ ಸೊಪ್ಪೊಂದನ್ನೇ. ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆ ಏರಿದಾಗ ಅದರ ಬಾಯಿಂದ ಬರುವುದು ಸೊಪ್ಪಲ್ಲ, ನೂಲು. ಸೊಪ್ಪು ನೂಲಾದುದು ಹೇಗೆ? ಹಿಂದಿನ ವೈದ್ಯರು ಇದೇ ಪ್ರಶ್ನೆಯನ್ನು ಮನುಷ್ಯನ ವಿಷಯದಲ್ಲಿ ಕೇಳಿಕೊಂಡರು: ಉಂಡ ಮುದ್ದೆ ಮೂಳೆಯಾದುದು ಹೇಗೆ?

ಅವರ ಉತ್ತರ ಹೀಗಿದೆ. ಜಠರಾಗ್ನಿಯಲ್ಲಿ ಪಚನವಾದ ಆಹಾರದ ಸಾರವೇ ರಸ. ರಸದಿಂದ ರಕ್ತ, ರಕ್ತದಿಂದ ಮಾಂಸ, ಮಾಂಸದಿಂದ ಮೇದಸ್ಸು, ಅದರಿಂದ ಅಸ್ಥಿ, ಅಸ್ಥಿಯಿಂದ ಮಜ್ಜೆ, ಮಜ್ಜೆಯಿಂದ ಶುಕ್ರ. ಇವು ಏಳು ಧಾತುಗಳು. ಶರೀರವನ್ನು ಧರಿಸಿ ನಿಲ್ಲಿಸುವುದರಿಂದ ಆ ಹೆಸರು. ಒಂದೊಂದು ಧಾತುವಿಗೂ ತನ್ನದೇ ಅಗ್ನಿಯುಂಟು, ತನ್ನದೇ ಕಸವೂ ಉಂಟು. ಬೆವರು ಮೇದಸ್ಸಿನ ಕಸ, ಕೂದಲು ಮೂಳೆಯದು. ರಸವು ಒಂದೊಂದು ಧಾತುವಿನಲ್ಲಿಯೂ ೩೦೧೫ ಕಲೆಗಳಷ್ಟು ಕಾಲ ನಿಂತು, ಒಂದು ತಿಂಗಳಲ್ಲಿ ಗಂಡಸರಲ್ಲಿ ಶುಕ್ರವೂ ಹೆಂಗಸರಲ್ಲಿ ಆರ್ತವವೂ ಆಗುತ್ತದೆಂದು ಸುಶ್ರುತದ ಲೆಕ್ಕ. ಮೊಟ್ಟೆಯೊಡೆದ ಹುಳು ಗೂಡು ಕಟ್ಟಲು ಹಿಡಿಯುವುದೂ ಸುಮಾರು ಅಷ್ಟೇ ದಿನ. ಇದು ಬರಿಯ ಕಾಕತಾಳೀಯ, ಆದರೆ ನೆನಪಿಡಲು ಒಳ್ಳೆಯದು.

ಇನ್ನು ಒಂದು ಧಾತು ಮತ್ತೊಂದನ್ನು ಪೋಷಿಸುವ ಬಗೆ. ಇದರ ಬಗ್ಗೆ ನಮ್ಮವರಲ್ಲಿ ಒಮ್ಮತವಿರಲಿಲ್ಲ. ಮೂರು ನ್ಯಾಯಗಳನ್ನು ಮುಂದಿಟ್ಟು ವಾದಿಸಿದರು. ಮೊದಲನೆಯದು ಕ್ಷೀರದಧಿ ನ್ಯಾಯ. ಹಾಲಿಗೆ ಹೆಪ್ಪು ಹಾಕಿದರೆ ಇಡೀ ಹಾಲು ಮೊಸರಾಗುವಂತೆ ರಸವೆಲ್ಲ ರಕ್ತವಾಗುತ್ತದೆ, ರಕ್ತವೆಲ್ಲ ಮಾಂಸವಾಗುತ್ತದೆ ಎಂಬುದು ಇದರ ಅರ್ಥ. ಎರಡನೆಯದು ಕೇದಾರೀಕುಲ್ಯಾ ನ್ಯಾಯ. ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯದ ಕಾಲುವೆಯನ್ನು ನೆನೆಯಿರಿ. ನೀರು ಮೊದಲ ಗದ್ದೆಯನ್ನು ತೋಯಿಸಿ, ಉಳಿದದ್ದು ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿಯುತ್ತದೆ. ಮೊದಲ ಗದ್ದೆ ತಾನೇ ಎರಡನೆಯ ಗದ್ದೆಯಾಗುವುದಿಲ್ಲ. ಮೂರನೆಯದು ಖಲೇಕಪೋತ ನ್ಯಾಯ. ರಾಗಿ ಒಕ್ಕುವ ಕಣಕ್ಕೆ ಪಾರಿವಾಳಗಳು ಬರುತ್ತವೆ. ಒಂದೊಂದೂ ತನ್ನ ದಾರಿಯಲ್ಲಿ ಬಂದು, ತನ್ನ ಕಾಳನ್ನು ಕೊಕ್ಕಿನಲ್ಲಿ ಹಿಡಿದು ತನ್ನ ಗೂಡಿಗೆ ಹಾರುತ್ತದೆ. ಹತ್ತಿರದ ಗೂಡಿನದು ಬೇಗ ಸೇರುತ್ತದೆ, ಸಾವನದುರ್ಗದ ಬಂಡೆಯ ಸಂದಿನದು ತಡವಾಗಿ. ಹಾಗೆಯೇ ಧಾತುಗಳೂ ಆಹಾರರಸದಿಂದ ತಮ್ಮ ತಮ್ಮ ಪಾಲನ್ನು ನೇರವಾಗಿ ಪಡೆಯುತ್ತವೆ ಎಂಬ ಮತ ಇದು.

ಹಾಲು ಮೊಸರಾಗುವ ಮಾತನ್ನೇ ಹಿಡಿದರೆ ಒಂದು ತೊಡಕು ಬರುತ್ತದೆ. ಕೆಲವು ದಿನ ಉಪವಾಸವಿದ್ದವನ ಮೈಯಲ್ಲಿ ರಸವೇ ಇಲ್ಲದಂತಾಗಬೇಕು, ತಿಂಗಳುಗಟ್ಟಲೆ ಉಪವಾಸವಿದ್ದವನಲ್ಲಿ ಶುಕ್ರವೊಂದೇ ಉಳಿಯಬೇಕು! ಹನ್ನೊಂದನೆಯ ಶತಮಾನದಲ್ಲಿ ವಂಗದೇಶದ ಚಕ್ರಪಾಣಿದತ್ತನು ಚರಕಕ್ಕೆ ಬರೆದ ವ್ಯಾಖ್ಯಾನದಲ್ಲಿ ಇಂಥ ಆಕ್ಷೇಪವನ್ನು ಚರ್ಚಿಸಿದ್ದಾನೆ. ಸಾವಿರ ವರ್ಷಗಳ ಹಿಂದೆಯೇ ಪಂಡಿತರು ಹೀಗೆ ಜಗ್ಗಾಡಿದ ಪ್ರಶ್ನೆಯನ್ನು ಕರಪತ್ರ ಒಂದು ಸಾಲಿನಲ್ಲಿ ತೀರಿಸಿಬಿಡುತ್ತದೆ.

ನೂರು ಹನಿಯ ಲೆಕ್ಕ ಚರಕದಲ್ಲಿಲ್ಲ, ಸುಶ್ರುತದಲ್ಲಿಲ್ಲ, ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಇಲ್ಲ. ಚರಕದ ಶಾರೀರಸ್ಥಾನದಲ್ಲಿರುವುದು ಬೊಗಸೆಯ ಅಳತೆ. ಅವರವರ ಬೊಗಸೆಯಿಂದ ರಸ ಒಂಬತ್ತು, ರಕ್ತ ಎಂಟು, ಮೇದಸ್ಸು ಎರಡು, ಮಜ್ಜೆ ಒಂದು, ಶುಕ್ರ ಅರ್ಧ. ಇದು ಮೈಯಲ್ಲಿ ಎಷ್ಟಿದೆ ಎಂಬ ಅಂದಾಜೇ ಹೊರತು, ಎಷ್ಟು ಕೊಟ್ಟರೆ ಎಷ್ಟು ಬರುತ್ತದೆ ಎಂಬ ವಿನಿಮಯದ ದರವಲ್ಲ. ಈ ಪ್ರಮಾಣಗಳು ಹೆಚ್ಚುಕಡಮೆಯಾಗುತ್ತವೆ, ತರ್ಕದಿಂದ ಊಹಿಸತಕ್ಕವು ಎಂದು ಗ್ರಂಥವೇ ಎಚ್ಚರಿಸಿದೆ.

ಇಂದಿನ ಶಾರೀರಶಾಸ್ತ್ರ ಈ ಕ್ರಮವನ್ನು ಒಪ್ಪುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ರಕ್ತದ ಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಹಳೆಯ ಕ್ರಮ ಇಲ್ಲಿ ತಲೆಕೆಳಗು. ಕೆಂಪುಕಣ ಸುಮಾರು ೧೨೦ ದಿನ ಬಾಳುತ್ತದೆ. ವೀರ್ಯಾಣುಗಳು ವೃಷಣದಲ್ಲಿ ಸುಮಾರು ಎರಡರಿಂದ ಎರಡೂವರೆ ತಿಂಗಳಲ್ಲಿ ಸಿದ್ಧವಾಗುತ್ತವೆ, ಎಡೆಬಿಡದೆ ಸಿದ್ಧವಾಗುತ್ತಲೇ ಇರುತ್ತವೆ. ಅವು ತೇಲುವ ದ್ರವದ ಬಹುಪಾಲು ಬೇರೆ ಗ್ರಂಥಿಗಳಲ್ಲಿ ಒಸರಿದ್ದು. ಒಮ್ಮೆಗೆ ಕೆಲವೇ ಮಿಲಿಲೀಟರು. ಅದು ಹೋದುದರಿಂದ ರಕ್ತ ಕುಗ್ಗುವುದಿಲ್ಲ. ಬೆಳೆಯುವ ಹುಡುಗನಿಗೆ ನಿದ್ರೆಯಲ್ಲಿ ಸ್ಖಲನವಾಗುವುದು ಮೀಸೆ ಮೂಡಿದಷ್ಟೇ ಸಹಜ.

ಹಾಗಾದರೆ ಓಜಸ್ಸು? ಆಯುರ್ವೇದದಲ್ಲಿ ಇದಕ್ಕಿರುವಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ದುಂಬಿಗಳು ಹಲವು ಹೂಹಣ್ಣುಗಳಿಂದ ಜೇನು ಕೂಡಿಸುವಂತೆ ಎಲ್ಲ ಧಾತುಗಳ ಸಾರವೂ ಕೂಡಿ ಓಜಸ್ಸಾಗುತ್ತದೆ ಎಂಬುದು ಚರಕದ ಹೋಲಿಕೆ. ಎಲ್ಲ ಹೂಗಳಿಂದ, ಕೊನೆಯ ಹೂವೊಂದರಿಂದಲ್ಲ, ಇದನ್ನು ಗಮನಿಸಬೇಕು. ಹೃದಯದಲ್ಲಿ ಎಂಟು ಹನಿ, ಮೈಯಲ್ಲೆಲ್ಲ ಅರ್ಧ ಬೊಗಸೆ ಎಂದು ವ್ಯಾಖ್ಯಾನಕಾರರು ಎಣಿಸಿದರು. ಇದೇ ಇಂದಿನವರು ಹೇಳುವ ರೋಗನಿರೋಧ ಶಕ್ತಿ ಎಂದು ಕೆಲವರು ಬರೆಯುತ್ತಾರೆ. ನನಗೆ ಅದು ಅವಸರದ ಹೋಲಿಕೆಯಾಗಿ ಕಾಣುತ್ತದೆ. ಸೀಸೆಯಲ್ಲಿ ಹಿಡಿದು ತೋರಿಸಬಹುದಾದ ಪದಾರ್ಥ ಅದಲ್ಲ.

ಓಜಸ್ಸು ಕ್ಷೀಣಿಸುವುದು ಯಾವುದರಿಂದ? ಪೆಟ್ಟು, ಧಾತುಕ್ಷಯ, ಕೋಪ, ಶೋಕ, ಚಿಂತೆ, ಶ್ರಮ, ಹಸಿವು ಎಂದು ಸುಶ್ರುತ ಹೆಸರಿಸುತ್ತದೆ. ಚರಕದ ಪಟ್ಟಿ ಇನ್ನೂ ಉದ್ದ. ಅದರಲ್ಲಿ ಶುಕ್ರದ ಅತಿವ್ಯಯವೂ ಇದೆ, ನಿಜ. ಆದರೆ ಅದರ ಜೊತೆಗೆ ಉಪವಾಸ, ನಿದ್ದೆಗೇಡು, ಭಯ, ದುಃಖ, ಚಿಂತೆ ಇವೆ. ಓಜಸ್ಸು ಕುಂದಿದವನ ಲಕ್ಷಣವೇನೆಂದರೆ, ಅವನು ಸುಮ್ಮಸುಮ್ಮನೆ ಹೆದರುತ್ತಾನೆ, ಸದಾ ಯೋಚಿಸುತ್ತಾನೆ, ಬಲಗುಂದುತ್ತಾನೆ. ಮೊದಲು ಹೇಳಿದ ಹುಡುಗನನ್ನು ಈಗ ಮತ್ತೊಮ್ಮೆ ನೋಡಿ. ಶಾಸ್ತ್ರದ ಪ್ರಕಾರವೇ ಅವನ ಓಜಸ್ಸನ್ನು ಕರಗಿಸುತ್ತಿರುವುದು ಕರಪತ್ರ ಹುಟ್ಟಿಸಿದ ಚಿಂತೆ. ಪುರುಷಶಕ್ತಿಯನ್ನು ಕುಗ್ಗಿಸುವುವುಗಳಲ್ಲಿ ದೌರ್ಮನಸ್ಯವೇ ಮೊದಲನೆಯದೆಂದು ಚರಕದ ಮತ್ತೊಂದು ಮಾತೂ ಇದೆ.

ಬ್ರಹ್ಮಚರ್ಯದ ವಿಚಾರದಲ್ಲಿ ತಪ್ಪುಗ್ರಹಿಕೆ ಇನ್ನೂ ಹೆಚ್ಚು. ಶರೀರವೆಂಬ ಮನೆಗೆ ಆಹಾರ, ನಿದ್ರೆ, ಬ್ರಹ್ಮಚರ್ಯ ಮೂರೂ ಆಸರೆಕಂಬಗಳು ಎನ್ನುತ್ತದೆ ಚರಕ. ಅದೇ ಜಾಗದಲ್ಲಿ ವಾಗ್ಭಟ ಗೃಹಸ್ಥನನ್ನು ಕಣ್ಮುಂದೆ ಇಟ್ಟುಕೊಂಡು, ಯುಕ್ತಿಯಿಂದ ನಡೆಸಿದ ದಾಂಪತ್ಯವನ್ನೇ ಮೂರನೆಯ ಕಂಬವೆಂದು ಹೇಳಿ, ಋತುವಿಗೆ ತಕ್ಕ ನಿಯಮ ಕೊಟ್ಟಿದ್ದಾನೆ: ಚಳಿಗಾಲದಲ್ಲಿ ಸಡಿಲ, ವಸಂತ ಶರತ್ತುಗಳಲ್ಲಿ ಮೂರು ದಿನಕ್ಕೊಮ್ಮೆ, ಬೇಸಗೆ ಮಳೆಗಾಲಗಳಲ್ಲಿ ಪಕ್ಷಕ್ಕೊಮ್ಮೆ. ತಡೆಹಿಡಿಯಬಾರದ ಹದಿಮೂರು ವೇಗಗಳನ್ನು ಚರಕ ಎಣಿಸುವಾಗ ಮೂತ್ರ, ಸೀನು, ಹಸಿವುಗಳ ಸಾಲಿನಲ್ಲಿ ಶುಕ್ರದ ವೇಗವೂ ಬರುತ್ತದೆ. ಸಂಯಮವನ್ನು ಮೆಚ್ಚಿದ ಶಾಸ್ತ್ರ ಬಲವಂತವನ್ನು ಮೆಚ್ಚಲಿಲ್ಲ.

“ಆದರೆ ಸಿದ್ಧಗಂಗೆಯ ಸ್ವಾಮಿಗಳು?” ಎಂದು ಮಾಗಡಿಯವರು ಕೇಳಿಯೇ ಕೇಳುತ್ತಾರೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಹುಟ್ಟಿದ ಶ್ರೀ ಶಿವಕುಮಾರ ಸ್ವಾಮಿಗಳು ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಅವರಿಗೆ ೧೧೧ ವರ್ಷ. ಬ್ರಹ್ಮಚರ್ಯದ ಫಲ ಎಂದು ಜನ ಹೇಳುತ್ತಾರೆ. ಅವರ ಮಿತವಾದ ಊಟವನ್ನೂ ನಸುಕಿನಲ್ಲೇಳುವ ನಿಯಮವನ್ನೂ ದಿನವಿಡೀ ಬಿಡದ ದುಡಿಮೆಯನ್ನೂ ಆ ಮಾತು ಮರೆತುಬಿಡುತ್ತದೆ. ರಾಮನಗರದ ಬಾನಂದೂರಿನಲ್ಲಿ ೧೯೪೫ರಲ್ಲಿ ಹುಟ್ಟಿ ಆದಿಚುಂಚನಗಿರಿಯ ಪೀಠವನ್ನು ಬೆಳಗಿದ ಶ್ರೀ ಬಾಲಗಂಗಾಧರನಾಥ ಸ್ವಾಮಿಗಳೂ ಸಂನ್ಯಾಸಿಗಳೇ. ಅವರು ೬೮ ತುಂಬುವ ಮೊದಲೇ, ೨೦೧೩ರಲ್ಲಿ ತೀರಿಕೊಂಡರು. ಇಬ್ಬರೂ ಸಂಸಾರ ಬಿಟ್ಟದ್ದು ಆಯುಸ್ಸು ಕೂಡಿಡಲಿಕ್ಕಲ್ಲ. ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರಗಳ ದಾರಿ ಮಾಡಲಿಕ್ಕೆ.

ಧಾತು ಹೋಗುತ್ತಿದೆಯೆಂಬ ಕೊರಗಿನಿಂದಲೇ ಸುಸ್ತು, ನಿದ್ದೆಗೇಡು, ಎದೆಬಡಿತಗಳು ಬರುವುದನ್ನು ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು ೧೯೬೦ರಲ್ಲಿ ಗುರುತಿಸಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಹೆಂಗಸರಲ್ಲಿಯೂ ಬಿಳಿಸೆರಗಿನ ವಿಷಯದಲ್ಲಿ ಇಂಥದೇ ಕೊರಗು ಉಂಟು. ಅದಕ್ಕೆ ಮದ್ದಿಗಿಂತ ತಿಳಿಹೇಳುವ ಮಾತೇ ಹೆಚ್ಚು ಕೆಲಸ ಮಾಡುತ್ತದೆ. ಉರಿ, ಕೀವು, ರಕ್ತ, ಹುಣ್ಣು, ದುರ್ವಾಸನೆ ಇದ್ದರೆ ಮಾತ್ರ ಅದು ಬೇರೆ ರೋಗ. ನಾಲ್ಕು ಊರುಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳಿವೆ, ನಾಚದೆ ಹೋಗಬೇಕು.

ಪುರುಷಶಕ್ತಿ ಹೆಚ್ಚಿಸುವುದಾಗಿ ಸಾರುವ ಔಷಧಿಯ ಜಾಹೀರಾತುಗಳನ್ನು ೧೯೫೪ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿದೆ. ಗೋಡೆಗಳಿಗೆ ಈ ಸಂಗತಿ ಇನ್ನೂ ಮುಟ್ಟಿಲ್ಲವೆಂದು ತೋರುತ್ತದೆ. ಹುಡುಗ ಆಗಲೇ ದುಡ್ಡು ಕೊಟ್ಟು ಡಬ್ಬಿ ತಂದಿದ್ದರೆ ಗದರಿಸಬೇಡಿ. ಡಬ್ಬಿಯನ್ನೂ ಅವನನ್ನೂ ಕರೆದುಕೊಂಡು ವೈದ್ಯರಲ್ಲಿಗೆ ಹೋಗಿ. ಇಂಥ ಕೆಲವು ಪುಡಿ ಗುಳಿಗೆಗಳಲ್ಲಿ ಸೀಸ, ಪಾದರಸಗಳು ಬೆರೆತಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿದೆ.