ಮಡಿಕೇರಿಯಲ್ಲಿ ನೀಲಿ, ಪುಟ್ಟೇನಹಳ್ಳಿಯಲ್ಲಿ ಪಿಂಕ್!

ಹೈಡ್ರೇಂಜಿಯಾ ಗೊತ್ತಲ್ಲ? ಊಟಿ, ಮಡಿಕೇರಿ ಕಡೆ ಹೋದಾಗ ಮನೆಯಂಗಳದಲ್ಲಿ ಹೂಕೋಸಿನ ಗಾತ್ರದ ನೀಲಿ ಗೊಂಚಲು ಕಂಡು, ‘ಒಂದು ಕಡ್ಡಿ ಸಿಗುತ್ತಾ?’ ಅಂತ ನೀವೂ ಕೇಳಿರುತ್ತೀರಿ. ನಾನಂತೂ ತವರಿನಿಂದಲೇ ತಂದೆ. ಮಡಿಕೇರಿಯಲ್ಲಿ ಬಾವಿಕಟ್ಟೆ ಪಕ್ಕ ಅಮ್ಮ ಬೆಳೆಸಿದ್ದ ಗಿಡ ಅದು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಪುಟ್ಟೇನಹಳ್ಳಿಗೆ ತಂದ ಕಡ್ಡಿ ಬೇರು ಬಿಟ್ಟಿತು, ಚಿಗುರಿತು, ಹೂವೂ ಬಂತು. ಆದರೆ ಬಂದದ್ದು ಪಿಂಕ್!

ಆಮೇಲೆ ಅಮ್ಮ ಆ ಮನೆ ಮಾರಿ ನಮ್ಮ ಜೊತೆ ಇರಲು ಬಂದಳು. ಬಂದ ದಿನವೇ ಬಾಲ್ಕನಿಗೆ ಕರೆದು ‘ನೋಡಮ್ಮ, ನಿನ್ನ ಗಿಡ’ ಅಂದೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು. ‘ಇದು ನಮ್ಮದಲ್ಲ ಮಾರಾಯ್ತಿ, ನಮ್ಮದು ನೀಲಿ’ ಅಂದು ಒಳಗೆ ಹೋಗಿಬಿಟ್ಟಳು. ಅವತ್ತಿನಿಂದ ಆ ನೀಲಿಯನ್ನು ವಾಪಸ್ ತರೋದೇ ನನಗೊಂದು ಹಟವಾಯ್ತು.

ಬಣ್ಣದ ಗುಟ್ಟು

ಗಿಡ ಅದೇ, ಬದಲಾದದ್ದು ಮಣ್ಣು ಮತ್ತು ನೀರು. ಈ ಹೂವಿನ ಬಣ್ಣದ ಅಂಶ ಅಲ್ಯೂಮಿನಿಯಂ ಜೊತೆ ಸೇರಿದರೆ ನೀಲಿ, ಸೇರದಿದ್ದರೆ ಪಿಂಕ್. ಮಣ್ಣಿನಲ್ಲಿ ಅಲ್ಯೂಮಿನಿಯಂ ಇದ್ದೇ ಇರುತ್ತೆ. ಆದರೆ ಮಣ್ಣು ಹುಳಿಯಾಗಿದ್ದರೆ ಮಾತ್ರ ಅದು ಕರಗಿ ಬೇರಿಗೆ ಸಿಗುತ್ತೆ. ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ ನೀಲಿ, 6.5 ದಾಟಿದರೆ ಪಿಂಕ್, ನಡುವೆ ಇದ್ದರೆ ನೇರಳೆ. (ಬಿಳಿ ತಳಿ ತಂದಿದ್ದರೆ ಈ ಪ್ರಯೋಗ ಮಾಡಬೇಡಿ, ಅದು ನೀಲಿಯಾಗಲ್ಲ.)

ಕೊಡಗಿನ ಜಡಿಮಳೆ ಮಣ್ಣಿನ ಸುಣ್ಣವನ್ನು ತೊಳೆದು ಹಾಕುತ್ತೆ. ನಮ್ಮ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು. ನಲ್ಲಿ ಬಾಯಲ್ಲಿ, ಬಕೆಟ್ ಅಂಚಿನಲ್ಲಿ ಬಿಳಿ ಕರೆ ಕಟ್ಟುತ್ತಲ್ಲ, ಅದನ್ನೇ ನಾವು ದಿನಾ ಗಿಡಕ್ಕೂ ಸುರಿಯೋದು! ಸಾಲದ್ದಕ್ಕೆ ನಾನು ಗಿಡ ಇಟ್ಟಿದ್ದು ಸಿಮೆಂಟ್ ಕುಂಡದಲ್ಲಿ. ಅದರಿಂದಲೂ ಸುಣ್ಣ ಬಿಡುತ್ತೆ. ಮೇಲೆ ಎರಡು ಹಿಡಿ ಮೂಳೆ ಗೊಬ್ಬರ ಬೇರೆ ಹಾಕಿದ್ದೆ. ಅದರಲ್ಲಿರುವ ರಂಜಕ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ. ನೀಲಿ ಬರೋದಾದರೂ ಎಲ್ಲಿಂದ?

ಹಾಗಾಗಿ ಮೊದಲು ಮಣ್ಣಿನ ಕುಂಡಕ್ಕೆ ಬದಲಾಯಿಸಿದೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಹಳೆಯ ಕೊಟ್ಟಿಗೆ ಗೊಬ್ಬರ ಸಮಸಮ ಹಾಕಿದೆ. ನಂತರದ ಮದ್ದು ದಿನಸಿ ಅಂಗಡಿಯಲ್ಲೇ ಇದೆ. ಪಟಿಕ! ಸ್ಫಟಿಕ ಅಂತಲೂ ಕೇಳಬಹುದು, ದೃಷ್ಟಿಗೆ ಬಾಗಿಲಿಗೆ ಕಟ್ಟುತ್ತೇವಲ್ಲ, ಅದೇ. ಅದರಲ್ಲಿ ಅಲ್ಯೂಮಿನಿಯಂ ಇದೆ. ಪುಡಿ ಮಾಡಿ ಎರಡು ಲೀಟರ್ ನೀರಿಗೆ ಒಂದು ಟೀ ಚಮಚ ಕರಗಿಸಿ, ಹದಿನೈದು ದಿನಕ್ಕೊಮ್ಮೆ ಹಾಕಿ. ಒಣ ಮಣ್ಣಿಗೆ ಮಾತ್ರ ಸುರಿಯಬೇಡಿ, ಬೇರು ಸುಡುತ್ತೆ. ಮೊದಲು ನೀರು, ಆಮೇಲೆ ಪಟಿಕ. ಅರಳಿದ ಹೂವಿಗೆ ಹಾಕಿ ಪ್ರಯೋಜನವಿಲ್ಲ. ಡಿಸೆಂಬರ್‌ನಲ್ಲೇ ಶುರು ಮಾಡಬೇಕು.

ನೀರಿನ ಚಿಂತೆ

ಇದು ನೀರು ಕುಡಿಯೋ ಗಿಡ ಸ್ವಾಮಿ! 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಾಗ ನನಗೆ ಮೊದಲು ನೆನಪಾದದ್ದು ಇದೇ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿನಲ್ಲೇ ಆ ಬೇಸಿಗೆ ಕಳೆಯಿತು. ಆದರೆ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಇದಕ್ಕೆ ಹಾಕಬೇಡಿ. ಉಪ್ಪು, ಸುಣ್ಣ ಎಲ್ಲ ಅದರಲ್ಲೇ ಸೇರಿರುತ್ತೆ. ನೆಲ ಒರೆಸೋಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತಾರಸಿ ಕೊಳವೆಗೆ ಒಂದು ಡ್ರಮ್ ಇಟ್ಟರೆ ಅದಕ್ಕಿಂತ ಒಳ್ಳೆ ನೀರಿಲ್ಲ.

ಪೂರ್ವದ ಬಾಲ್ಕನಿ ಉತ್ತಮ. ಬೆಳಗ್ಗೆ ಹತ್ತರವರೆಗೆ ಬಿಸಿಲು ಸಾಕು. ಏಪ್ರಿಲ್ ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಿಂದ ನೀರು ಸುರಿಯಬೇಡಿ. ಬೆರಳಿಟ್ಟು ನೋಡಿ, ಮಣ್ಣು ಒದ್ದೆಯಿದ್ದರೆ ಸಂಜೆಗೆ ತಾನೇ ಎದ್ದು ನಿಲ್ಲುತ್ತೆ.

ಒಂದು ವರ್ಷ ನಾನು ದಸರಾ ಕಳೆದ ಮೇಲೆ ಗುಲಾಬಿ ಜೊತೆ ಇದನ್ನೂ ಕತ್ತರಿಸಿಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಬರೀ ಎಲೆ! ಮುಂದಿನ ವರ್ಷದ ಮೊಗ್ಗು ಈ ವರ್ಷದ ರೆಂಬೆಯ ತುದಿಯಲ್ಲೇ ಕೂರುತ್ತೆ, ನಮ್ಮೂರಿನ ನವೆಂಬರ್-ಜನವರಿ ಚಳಿಯಲ್ಲಿ ಬಲಿಯುತ್ತೆ. ಕತ್ತರಿಸೋದಿದ್ದರೆ ಹೂ ಮುಗಿಯುತ್ತಿದ್ದಂತೆ, ಆಗಸ್ಟ್ ಒಳಗೆ. ಹೂ ಬಿಡದ ರೆಂಬೆಯಿಂದ ಐದು ಇಂಚಿನ ಕಡ್ಡಿ ತೆಗೆದು ಮರಳಿನಲ್ಲಿ ನೆಟ್ಟು ನೆರಳಲ್ಲಿಟ್ಟರೆ ತಿಂಗಳಲ್ಲಿ ಬೇರು. ಅಕ್ಕಪಕ್ಕದವರಿಗೂ ಕೊಡಬಹುದು. ಮಕ್ಕಳು, ನಾಯಿ ಇದ್ದರೆ ಎಲೆ-ಮೊಗ್ಗು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ವಿಷ.

ಹೂದಾನಿಯಲ್ಲಿಟ್ಟ ಗೊಂಚಲು ಬಾಡಿದರೆ ಎಸೆಯಬೇಡಿ. ಅರ್ಧ ಗಂಟೆ ಇಡೀ ಗೊಂಚಲನ್ನೇ ನೀರಿನಲ್ಲಿ ಮುಳುಗಿಸಿಡಿ, ಮತ್ತೆ ಅರಳಿಕೊಳ್ಳುತ್ತೆ.

ಈ ಸಲ ಮೇ ತಿಂಗಳಲ್ಲಿ ಮೊದಲ ಗೊಂಚಲು ಬಿಡಿಸಿತು. ಪೂರ್ತಿ ನೀಲಿಯಲ್ಲ, ನೇರಳೆ. ಅಮ್ಮ ಕಾಫಿ ಲೋಟ ಹಿಡಿದು ಬಂದು ತುಂಬಾ ಹೊತ್ತು ನೋಡಿದಳು. ‘ಇನ್ನೊಂದು ಚೂರು ಪಟಿಕ ಹಾಕು’ ಅಂದಳು.